ಗಡಿಯಿಂದ ಗಡಿಗೆ: ಜರ್ಮನಿಗೆ ಹೊರಟ ಮೊಮ್ಮಗಳಿಗೆ

ತಾಳವಾಡಿ

ಚಿ. ಪುಟ್ಟಿಗೆ,

ನಿನಗೆ ವೀಸಾ ಬಂತೆಂದೂ ಕೀಲ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಗೊತ್ತಾಯಿತೆಂದೂ ನಿಮ್ಮಪ್ಪ ಹೇಳಿದ. ಬಹಳ ಸಂತೋಷ ಆಯಿತು ಕಣವ್ವ. "ತಾತ, ನೀವು ಭೂಗೋಳ, ಚರಿತ್ರೆ ಪಾಠ ಮಾಡಿದೋರು, ಜರ್ಮನಿ ಹೇಗಿದೆ ಅಂತ ಹೇಳಿ" ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ನಮ್ಮ ಕಡೆ ಸಿಗ್ನಲ್ ಕಥೆಯೂ ನಿನಗೆ ಗೊತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮೇಷ್ಟರ ಕಾಗದ, ಉದ್ದವಾಗುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಬಸ್ಸಿನಲ್ಲಿ ಕೂತು ಅಷ್ಟಷ್ಟೇ ಓದಿಕೊ.

ಮೊದಲು ಅಳತೆ. ಕರ್ನಾಟಕ, ತಮಿಳುನಾಡು, ಕೇರಳ ಮೂರನ್ನೂ ಸೇರಿಸಿದರೆ ಹೆಚ್ಚುಕಮ್ಮಿ ಜರ್ಮನಿಯಷ್ಟು ನೆಲ, ಸುಮಾರು 3.57 ಲಕ್ಷ ಚದರ ಕಿಲೋಮೀಟರ್. ಜನ ಮಾತ್ರ ನಮ್ಮ ಮೂರು ರಾಜ್ಯದವರ ಅರ್ಧದಷ್ಟು, 8.4 ಕೋಟಿಯ ಆಸುಪಾಸು. ಇಷ್ಟೇ ಜನ ಸೇರಿ, ಅಮೆರಿಕ, ಚೀನಾ ಬಿಟ್ಟರೆ ಪ್ರಪಂಚದಲ್ಲೇ ದೊಡ್ಡದು ಎನ್ನುವಂಥ ಆರ್ಥಿಕತೆಯನ್ನು ನಡೆಸುತ್ತಿದ್ದಾರೆ. ಕಾರು, ಯಂತ್ರ, ರಾಸಾಯನಿಕ, ಔಷಧ ಅವರ ಮುಖ್ಯ ಸರಕು. ಕರೆಂಟು ಬರುವ ಮೊದಲು ನಮ್ಮ ಬಾವಿಯ ನೀರೆತ್ತುತ್ತಿದ್ದ ಎಂಜಿನ್ನಿಗೆ ಡೀಸೆಲ್ ಎಂಬ ಹೆಸರು ಬಂದದ್ದೂ ಒಬ್ಬ ಜರ್ಮನ್ ಎಂಜಿನಿಯರನಿಂದ. ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬುರ್ಗ್ ಎಂಬ ಊರಿನಲ್ಲಿ ಅದನ್ನು ಓಡಿಸಿ ತೋರಿಸಿದ. ಆ ಜಾತಿಯ ಎಂಜಿನ್ನುಗಳ ಸೂಕ್ಷ್ಮ ಭಾಗಗಳನ್ನು ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸುತ್ತಿದ್ದ ಮೈಕೊ, ಅಂದರೆ ಈಗಿನ ಬಾಷ್, 1951ರಲ್ಲಿ ಶುರುವಾದದ್ದು. ಇತ್ತ ಮದರಾಸಿನಲ್ಲಿ 1959ರಲ್ಲಿ ಐಐಟಿ ಎದ್ದಿದ್ದೂ ಪಶ್ಚಿಮ ಜರ್ಮನಿಯ ನೆರವಿನಿಂದಲೇ. ನಾವಿರುವುದು ಎರಡು ರಾಜ್ಯದ ನಡುವೆ ನೋಡು, ಎರಡೂ ಕಡೆಯ ಲೆಕ್ಕ ಒಪ್ಪಿಸಬೇಕಲ್ಲ.

ದೊಡ್ಡ ಕಂಪನಿಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ದೇಶದ ಬೆನ್ನೆಲುಬಿರುವುದು ಸಣ್ಣ ಸಣ್ಣ ಊರುಗಳಲ್ಲಿರುವ ಮಧ್ಯಮ ಗಾತ್ರದ ಕಾರ್ಖಾನೆಗಳಲ್ಲಿ, ಕೆಲಸ ಕಲಿಸುವ ಅವರ ಪದ್ಧತಿಯಲ್ಲಿ. ಹದಿನಾರು ಹದಿನೇಳರ ಹುಡುಗರು ವಾರದಲ್ಲಿ ಮೂರು ನಾಲ್ಕು ದಿನ ಕೆಲಸದ ಜಾಗದಲ್ಲಿ, ಉಳಿದ ಒಂದೆರಡು ದಿನ ಶಾಲೆಯಲ್ಲಿ; ಸಂಬಳವೂ ಉಂಟು. ಬಡಗಿ, ಬೇಕರಿಯವನು, ಲೇತ್ ಓಡಿಸುವವನು ಎಲ್ಲರೂ ಹೀಗೆ ಕಲಿತವರೇ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಕಡಿಮೆ ಬಂದವನನ್ನು "ಐಟಿಐಗಾದರೂ ಸೇರಿಸಿ" ಅನ್ನುತ್ತೇವಲ್ಲ, ಆ "ಗಾದರೂ" ಅಲ್ಲಿ ಇಲ್ಲ. ನರ್ಸುಗಳೂ ಬಹುಪಾಲು ಈ ದಾರಿಯಲ್ಲೇ ಬರುವುದು, ಮೂರು ವರ್ಷದ ತರಬೇತಿ ಮುಗಿಸಿ. ನೀನು ಡಿಗ್ರಿ ಮಾಡಿದವಳು. ಅಲ್ಲಿ ರೋಗಿಯ ಮೈ ಒರೆಸುವುದು, ಮಗ್ಗುಲು ತಿರುಗಿಸುವುದು, ಊಟ ಮಾಡಿಸುವುದು ನರ್ಸಿನ ಕೆಲಸ. ಇಲ್ಲಾದರೆ ಅದನ್ನೆಲ್ಲ ರೋಗಿಯ ಜೊತೆ ಬಂದು ಉಳಿದ ಅಕ್ಕನೋ ಅತ್ತೆಯೋ ಮಾಡುತ್ತಾರೆ. ಅಲ್ಲಿ ಹಾಗೆ ಜೊತೆಗೆ ಉಳಿಯುವವರಿಲ್ಲ. ಇದನ್ನು ಅವಮಾನ ಅಂದುಕೊಂಡು ಮೊದಲ ತಿಂಗಳೇ ಅತ್ತುಕೊಂಡು ಫೋನು ಮಾಡುವವರಿದ್ದಾರಂತೆ. ನೀನು ಹಾಗೆ ಮಾಡಬೇಡ. ನಿನ್ನ ಮುತ್ತಜ್ಜಿ ಹಾಸಿಗೆ ಹಿಡಿದಾಗ ಅವಳ ತಲೆ ಬಾಚಿದವಳು ನೀನು.

ಚರಿತ್ರೆಯನ್ನು ಬೇಗ ಮುಗಿಸುತ್ತೇನೆ, ಪಠ್ಯದಲ್ಲಿ ಓದಿದ್ದೀಯ. ಚಿಲ್ಲರೆ ಸಂಸ್ಥಾನಗಳೆಲ್ಲ ಸೇರಿ ಜರ್ಮನಿ ಒಂದು ದೇಶವಾದದ್ದು 1871ರಲ್ಲಿ. ಎಪ್ಪತ್ತೈದು ವರ್ಷ ತುಂಬುವ ಮೊದಲೇ ಎರಡು ಮಹಾಯುದ್ಧಗಳಲ್ಲಿ ಸೋತಿತು. ಎರಡನೆಯದನ್ನು ತಾನೇ ಹೊತ್ತಿಸಿತು, ಅದರ ಜೊತೆಗೆ 60 ಲಕ್ಷ ಯಹೂದಿಗಳನ್ನು ಲೆಕ್ಕ ಬರೆದಿಟ್ಟುಕೊಂಡು ಕೊಂದಿತು. 1949ರಲ್ಲಿ ದೇಶ ಎರಡು ಹೋಳು, 1961ರಲ್ಲಿ ಬರ್ಲಿನ್ ನಡುವೆ ಗೋಡೆ, 1989ರ ನವೆಂಬರ್ 9ರಂದು ಗೋಡೆಯ ಬಾಗಿಲು ತೆರೆಯಿತು, 1990ರ ಅಕ್ಟೋಬರ್ 3ಕ್ಕೆ ಮತ್ತೆ ಒಂದಾಯಿತು. ಈಗ 16 ರಾಜ್ಯಗಳ ಒಕ್ಕೂಟ. ನೀನು ಹೋಗುವ ಕೀಲ್, ಬಡಗಣ ತುದಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ರಾಜಧಾನಿ. 1918ರಲ್ಲಿ ಅಲ್ಲಿಯ ನೌಕಾಪಡೆಯ ನಾವಿಕರು ದಂಗೆಯೆದ್ದರು, ಕೆಲವೇ ದಿನಗಳಲ್ಲಿ ಚಕ್ರವರ್ತಿ ಪಟ್ಟ ಬಿಟ್ಟು ಓಡಿದ. ಊರಿನ ಪಕ್ಕದಲ್ಲೇ ಎರಡು ಸಮುದ್ರಗಳನ್ನು ಕೂಡಿಸುವ ಕೀಲ್ ಕಾಲುವೆ ಇದೆ. 1895ರಲ್ಲಿ ತೋಡಿ ಮುಗಿಸಿದ್ದು, 98 ಕಿಲೋಮೀಟರ್ ಉದ್ದ. ರಜೆಯ ದಿನ ದಂಡೆಯಲ್ಲಿ ನಿಂತರೆ ಹಡಗುಗಳು ಸಾಲಾಗಿ ಹೋಗುವುದನ್ನು ನೋಡಬಹುದು.

ಒಂದು ವಸ್ತುವನ್ನು ಮಾತ್ರ ನಿಂತು ನೋಡು. ನಡೆದು ಹೋಗುವ ಫುಟ್‌ಪಾತಿನಲ್ಲಿ, ಮನೆಗಳ ಬಾಗಿಲ ಮುಂದೆ, ಕಲ್ಲುಹಾಸಿನ ನಡುವೆ ಹಿತ್ತಾಳೆ ತಗಡು ಹೊದಿಸಿದ ಅಂಗೈಯಗಲದ ಕಲ್ಲು ಕೂರಿಸಿರುತ್ತಾರೆ. 10 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಈ ಮನೆಯಲ್ಲಿ ವಾಸವಿದ್ದವರು ಇಂಥವರು, ಹುಟ್ಟಿದ್ದು ಇಂಥ ವರ್ಷ, ಎಳೆದೊಯ್ದದ್ದು ಇಂಥ ದಿನ, ಕೊಂದದ್ದು ಇಂಥ ಶಿಬಿರದಲ್ಲಿ, ಅಷ್ಟೇ ಬರಹ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ ಕೆಲಸ ಇದು. ಈಗ ಯೂರೋಪಿನಲ್ಲೆಲ್ಲ ಸೇರಿ ಒಂದು ಲಕ್ಷ ದಾಟಿದೆ. ನಮ್ಮ ಸೀಮೆಯ ವೀರಗಲ್ಲು ಸತ್ತವನ ಹಿರಿಮೆಗೆ ನೆಟ್ಟದ್ದು. ಆ ಕಲ್ಲು ಕೊಂದವರ ತಪ್ಪಿಗೆ ನೆಟ್ಟದ್ದು, ಅದೂ ಕೊಂದವರ ಮೊಮ್ಮಕ್ಕಳು ದುಡ್ಡು ಕೊಟ್ಟು ನೆಡಿಸುವುದು. ಇಷ್ಟರಿಂದ ಅವರೆಲ್ಲ ಸಾಧುಗಳಾದರು ಅಂತಲ್ಲ. ಆಫ್ರಿಕದ ನಮೀಬಿಯಾದಲ್ಲಿ 1904ರಿಂದ 1908ರವರೆಗೆ ಹೆರೆರೊ, ನಾಮಾ ಜನರನ್ನು ಕೊಂದದ್ದು ನರಮೇಧವೇ ಎಂದು ಜರ್ಮನ್ ಸರ್ಕಾರ ಬಾಯಿಬಿಟ್ಟು ಹೇಳಲು 2021 ಬರಬೇಕಾಯಿತು. ಹತ್ತಿರದ ತಪ್ಪು ಬೇಗ ಕಂಡಿತು, ದೂರದ ತಪ್ಪು ತಡವಾಗಿ ಕಂಡಿತು.

ಲೋಕದಲ್ಲಿ ಅವರ ಸ್ಥಾನ ಏನು ಅಂತ ಕೇಳಿದೆಯಲ್ಲ. ನನ್ನ ಲೆಕ್ಕದಲ್ಲಿ ಜರ್ಮನಿಯ ತೂಕ ಇರುವುದು ಯೂರೋಪಿಯನ್ ಒಕ್ಕೂಟದೊಳಗೆ. 1951ರಲ್ಲಿ ಫ್ರಾನ್ಸ್, ಜರ್ಮನಿ ಮತ್ತು ಇನ್ನು ನಾಲ್ಕು ದೇಶಗಳು ಕಲ್ಲಿದ್ದಲು, ಉಕ್ಕನ್ನು ಒಟ್ಟಾಗಿ ನೋಡಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಬಂದೂಕು ಎರಕ ಹೊಯ್ಯುವ ಲೋಹವೇ ಜಂಟಿ ಖಾತೆಗೆ ಹೋದರೆ ಯುದ್ಧ ಮಾಡುವುದು ಹೇಗೆ? 1957ರ ರೋಮ್ ಒಪ್ಪಂದ, 1963ರಲ್ಲಿ ಫ್ರಾನ್ಸ್ ಜೊತೆಗಿನ ಸ್ನೇಹದ ಕರಾರು, ಆಮೇಲೆ ಯೂರೊ ನಾಣ್ಯ, ಎಲ್ಲ ಆ ಬೀಜದ ಬೆಳೆ. ವಿಶ್ವಸಂಸ್ಥೆಗೆ ಕೈಬಿಚ್ಚಿ ಹಣ ಕೊಡುವ ದೇಶಗಳಲ್ಲಿ ಅದೂ ಒಂದು, ಆದರೆ ಭದ್ರತಾ ಮಂಡಳಿಯಲ್ಲಿ ಕಾಯಂ ಕುರ್ಚಿ ಇಲ್ಲ. ಆ ಕುರ್ಚಿಗಾಗಿ ಭಾರತ, ಜಪಾನ್, ಬ್ರೆಜಿಲ್ ಜೊತೆ ಸೇರಿ ಕೇಳುತ್ತಲೇ ಇದೆ. ರಷ್ಯಾದ ಅಗ್ಗದ ಗ್ಯಾಸ್ ನಂಬಿ ಕಾರ್ಖಾನೆ ಕಟ್ಟಿಕೊಂಡಿದ್ದರು; 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಅದು ಕೈಕೊಟ್ಟಿತು. 2023, 2024 ಎರಡೂ ವರ್ಷ ಅವರ ಉತ್ಪಾದನೆ ಬೆಳೆಯುವ ಬದಲು ಸ್ವಲ್ಪ ಕುಗ್ಗಿತು. ಜರ್ಮನ್ ರೈಲು ಗಡಿಯಾರದ ಮುಳ್ಳು ನೋಡಿ ಓಡುತ್ತದೆ ಎಂಬುದೂ ಹಳೇ ಮಾತಾಯಿತು. 2024ರಲ್ಲಿ ದೂರದ ರೈಲುಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತಡವಾಗಿಯೇ ಬಂದವಂತೆ. ಚಾಮರಾಜನಗರದ ಬಸ್ಸಿಗೆ ಕಾದು ಅಭ್ಯಾಸ ಇರುವ ನಿನಗೆ ಅದೇನು ಕಷ್ಟವಲ್ಲ.

ಇನ್ನು ನೀನು ಹೋಗುವ ದಾರಿ. ಆ ದಾರಿಯಲ್ಲಿ ಮೊದಲು ಬಂದವರು ಅವರು. ಬಾಸೆಲ್ ಮಿಶನ್ನಿನ ಕಚೇರಿ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಇಲ್ಲಿಗೆ ಬಂದ ಪಾದ್ರಿಗಳು ಹೆಚ್ಚಿನವರು ಜರ್ಮನರು. ನಮ್ಮ ಡಿಂಬಂ ಘಾಟಿಯ ತುದಿಯಲ್ಲಿ ನಿಂತರೆ ಮೋಯಾರ್ ಕಮರಿಯಾಚೆ ನೀಲಿಯಾಗಿ ಕಾಣುವ ಬೆಟ್ಟಸಾಲಿದೆಯಲ್ಲ, ಆ ನೀಲಗಿರಿಯ ಕೇತಿಯಲ್ಲಿ 1846ರಲ್ಲೇ ಠಾಣ್ಯ ಹೂಡಿದ್ದರು. ಬಂದದ್ದು ಮತ ಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ತಂದು ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದು ಸುಮಾರು 70,000 ಪದಗಳ ನಿಘಂಟು ಕಟ್ಟಿ 1894ರಲ್ಲಿ ಅಚ್ಚು ಹಾಕಿಸಿದ. ಆ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ಬೆಳೆಸಿದಾಗ ಪ್ರಕಟಿಸಿದ್ದು ಯಾರು ಗೊತ್ತೆ? ಮದರಾಸು ವಿಶ್ವವಿದ್ಯಾಲಯ. ಅದರ ಸಂಪುಟ ನಮ್ಮ ಬೀರುವಿನ ಮೇಲಿನ ತಟ್ಟೆಯಲ್ಲಿತ್ತು; ನೀನು ಚಿಕ್ಕವಳಿದ್ದಾಗ ಅದರ ಮೇಲೆ ಕೂತು ದೋಸೆ ತಿಂದದ್ದುಂಟು. ಒಂದು ಪುಟ ತೆರೆದರೆ ಕನ್ನಡದ ಪದ, ಅದರ ಪಕ್ಕದಲ್ಲೇ ತಮಿಳು, ಮಲಯಾಳ, ತುಳು, ತೆಲುಗಿನ ನೆಂಟ ಪದಗಳು ಒಂದೇ ಪಂಕ್ತಿಯಲ್ಲಿ ಕೂತಿರುತ್ತವೆ. ನಮ್ಮ ಸಂತೆಯಲ್ಲಿ ಕೂತ ಹಾಗೆಯೇ.

ಆಮೇಲೆ ಬಂದವರು ಬೇರೆ ಥರದವರು. ತೋಟಗಾರ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗಿಗೆ ಬಂದ, ಬೃಂದಾವನ ತೋಟದ ನಕ್ಷೆ ಹಾಕಿದ. ಎರಡನೇ ಯುದ್ಧದಲ್ಲಿ ಶತ್ರುದೇಶದವನೆಂದು ಬ್ರಿಟಿಷರು ಕೂಡಿಹಾಕಿದರೂ, ಬಿಡುಗಡೆಯಾದ ಮೇಲೆ ಬೆಂಗಳೂರಿನಲ್ಲೇ ಉಳಿದು 1956ರಲ್ಲಿ ಅಲ್ಲೇ ತೀರಿಕೊಂಡ. ಇನ್ನಿಬ್ಬರು ಹಿಟ್ಲರನಿಂದ ಕೆಲಸ ಕಳೆದುಕೊಂಡ ಯಹೂದಿಗಳು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ರನ್ನು ಸಿ.ವಿ. ರಾಮನ್ 1935ರಲ್ಲಿ ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟಿಗೆ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಕರೆಸಿದರು. ಆದರೆ ಕಾಯಂ ಮಾಡಲಾಗಲಿಲ್ಲ. ಮರುವರ್ಷ ಬಿಟ್ಟುಹೋದ ಬಾರ್ನ್ 1954ರಲ್ಲಿ ನೊಬೆಲ್ ಪಡೆದರು. ಕಟ್ಟಡಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿ ಟಾಟಾ ಇನ್ಸ್‌ಟಿಟ್ಯೂಟಿನ ಕಟ್ಟಡಗಳನ್ನು ಕಟ್ಟಿದರು. ಅವರ ದೇಶ ಬೇಡವೆಂದವರಿಗೆ ನಮ್ಮ ಕಡೆ ಕೆಲಸ ಸಿಕ್ಕಿತ್ತು, ನೆನಪಿರಲಿ. ಅಲ್ಲಿ ಯಾರಾದರೂ ನಿನ್ನನ್ನು ಬೇಡಿ ಬಂದವಳ ಹಾಗೆ ನೋಡಿದರೆ ಇದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮನಸ್ಸಿನಲ್ಲಿ ಇದ್ದರೆ ಸಾಕು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಕೀಲ್‌ನಿಂದ ರೈಲಿನಲ್ಲಿ ಉತ್ತರಕ್ಕೆ ಹೋದರೆ ಫ್ಲೆನ್ಸ್‌ಬುರ್ಗ್ ಅಂತ ಊರು ಸಿಗುತ್ತದೆ, ಡೆನ್ಮಾರ್ಕ್ ಗಡಿಯ ಮಗ್ಗುಲಲ್ಲೇ. ಅದು ಅವರ ತಾಳವಾಡಿ ಕಣವ್ವ.

ನಮ್ಮ ಕಥೆ ನಿನಗೆ ಗೊತ್ತು. 1956ರ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು. ಗೋಬಿಚೆಟ್ಟಿಪಾಳ್ಯ ತಾಲ್ಲೂಕಿನ ನಮ್ಮ ತಾಳವಾಡಿ ಫಿರ್ಕಾ ಮದರಾಸಿನಲ್ಲೇ ಉಳಿಯಿತು. ನಾನಾಗ ಚಿಕ್ಕ ಹುಡುಗ, ದೊಡ್ಡವರು ಜಗಲಿಯಲ್ಲಿ ಮಾತಾಡಿಕೊಳ್ಳುತ್ತಿದ್ದದ್ದಷ್ಟೇ ನೆನಪು. ಹೊಲ ಇಲ್ಲಿ, ಹೆಣ್ಣು ಕೊಟ್ಟದ್ದು ಅಲ್ಲಿ, ಕಚೇರಿ ಕೆಲಸಕ್ಕೆ ಘಾಟಿಯ 27 ತಿರುವು ಇಳಿದು ಸತ್ಯಮಂಗಲ. ಇದರ ತಿರುವುಮುರುವು ಕೊಳ್ಳೇಗಾಲದ ಕಡೆಯ ಗೋಪಿನಾಥಂ: ಕರ್ನಾಟಕದ ಊರು, ಮನೆಮಾತು ತಮಿಳು. 2000ದ ಜುಲೈ 30ರ ರಾತ್ರಿ ನಮ್ಮ ಗಾಜನೂರಿನಿಂದ ನಟ ರಾಜ್‌ಕುಮಾರ್ ಅಣ್ಣಾವ್ರನ್ನು ಕಾಡುಗಳ್ಳ ವೀರಪ್ಪನ್ ಹೊತ್ತೊಯ್ದಾಗ ಎರಡೂ ರಾಜ್ಯಗಳ ನಗರಗಳಲ್ಲಿ ಕನ್ನಡ-ತಮಿಳು ಎಂದು ಬೆಂಕಿ ಹಚ್ಚುವ ಮಾತಾಡಿದರು. ಕನ್ನಡದ ಕಣ್ಮಣಿಯ ಊರು ತಮಿಳುನಾಡಿನಲ್ಲಿದೆ, ಅವರನ್ನು ಹಿಡಿದೊಯ್ದವನು ಹುಟ್ಟಿದ ಊರು ಕರ್ನಾಟಕದಲ್ಲಿದೆ ಎಂಬುದು ಯಾರ ತಲೆಗೂ ಹೋಗಲಿಲ್ಲ. ಇಲ್ಲಿಯ ನಮಗೆ ಮಾತ್ರ ಅದು ಹೊಸದಾಗಿರಲಿಲ್ಲ.

ಅಲ್ಲಿಯ ಕಥೆ ಕೇಳು. ಶ್ಲೆಸ್ವಿಗ್ ಡೆನ್ಮಾರ್ಕ್ ದೊರೆಯ ಕೈಯಲ್ಲಿದ್ದ ಸೀಮೆ. 1864ರಲ್ಲಿ ಪ್ರಷ್ಯಾ, ಆಸ್ಟ್ರಿಯಾ ಸೇರಿ ಯುದ್ಧ ಮಾಡಿ ಕಿತ್ತುಕೊಂಡವು. ಮೊದಲ ಮಹಾಯುದ್ಧ ಸೋತ ಮೇಲೆ 1920ರಲ್ಲಿ ಜನರ ಕೈಲೇ ವೋಟು ಹಾಕಿಸಿದರು: ಬಡಗಣ ಭಾಗ ಡೆನ್ಮಾರ್ಕಿಗೆ ಹೋಯಿತು, ಫ್ಲೆನ್ಸ್‌ಬುರ್ಗ್ ಜರ್ಮನಿಯಲ್ಲಿ ಉಳಿಯಿತು. ಗೆರೆ ಎಲ್ಲೇ ಎಳೆದರೂ ಆಚೆ ಈಚೆ ಒಂದಷ್ಟು ಜನ ಉಳಿಯಲೇಬೇಕಲ್ಲ? ತೆಂಕಲಲ್ಲಿ ಡೇನರು, ಬಡಗಲಲ್ಲಿ ಜರ್ಮನರು ಸಿಕ್ಕಿಕೊಂಡರು. ಮೂವತ್ತೈದು ವರ್ಷ ಕೊಸರಾಟ ನಡೆಯಿತು. 1955ರಲ್ಲಿ ಬಾನ್ ಮತ್ತು ಕೋಪನ್‌ಹೇಗನ್ ಸರ್ಕಾರಗಳು ಒಂದೊಂದು ಘೋಷಣೆ ಹೊರಡಿಸಿದವು. ನಾನು ಡೇನ್ ಅಂದುಕೊಂಡವನು ಡೇನ್, ನಾನು ಜರ್ಮನ್ ಅಂದುಕೊಂಡವನು ಜರ್ಮನ್. ಅದನ್ನು ಯಾವ ಅಧಿಕಾರಿಯೂ ಪರೀಕ್ಷೆ ಮಾಡುವ ಹಾಗಿಲ್ಲ, ಸರ್ಟಿಫಿಕೇಟ್ ಕೇಳುವ ಹಾಗಿಲ್ಲ ಎಂಬುದು ಅದರ ತಿರುಳು. ಡೇನ್ ಅಲ್ಪಸಂಖ್ಯಾತರ ಪಕ್ಷಕ್ಕೆ ನೂರಕ್ಕೆ ಐದು ವೋಟಾದರೂ ಬೀಳಬೇಕೆಂಬ ನಿಯಮದಿಂದ ರಾಜ್ಯದ ಚುನಾವಣೆಯಲ್ಲಿ ವಿನಾಯಿತಿ ಕೊಟ್ಟರು. ಅದೇ ಪಕ್ಷ 2021ರಲ್ಲಿ ದೇಶದ ಸಂಸತ್ತಿಗೂ ಒಬ್ಬನನ್ನು ಕಳಿಸಿತು. ಈಗ ಆ ಸೀಮೆಯಲ್ಲಿ ಡೇನ್ ಭಾಷೆಯ 40ಕ್ಕೂ ಹೆಚ್ಚು ಶಾಲೆಗಳಿವೆ. ಖರ್ಚನ್ನು ಆ ರಾಜ್ಯವೂ ಕೊಡುತ್ತದೆ, ಡೆನ್ಮಾರ್ಕೂ ಕೊಡುತ್ತದೆ. ಮಕ್ಕಳು ಎರಡೂ ಭಾಷೆ ಕಲಿತು ಎರಡೂ ಕಡೆಯ ವಿಶ್ವವಿದ್ಯಾಲಯಕ್ಕೆ ಹೋಗಬಹುದು. 1869ರಿಂದ ನಡೆಯುತ್ತಿರುವ ಡೇನ್ ಪತ್ರಿಕೆಯೂ ಅಲ್ಲಿದೆ.

ಇದನ್ನು ಅವರು ಉದಾರತೆಯಿಂದ ಮಾಡಿದರು ಎಂದುಕೊಳ್ಳಬೇಡ. 1955ರಲ್ಲಿ ಪಶ್ಚಿಮ ಜರ್ಮನಿಗೆ ನೇಟೊ ಸೇರುವ ಆತುರ ಇತ್ತು, ಡೆನ್ಮಾರ್ಕ್ ಒಪ್ಪಬೇಕಿತ್ತು. ಆಚೆ ಕಡೆ ತಮ್ಮವರೂ ಇದ್ದರು, ಇವರಿಗೆ ಕೊಟ್ಟರೆ ಅವರಿಗೂ ಸಿಗುತ್ತದೆ ಎಂಬ ಲೆಕ್ಕ. ನನಗೆ ಹಿಡಿಸಿದ್ದೇ ಆ ಲೆಕ್ಕಾಚಾರ. ನಮ್ಮ ಸಂವಿಧಾನದಲ್ಲಿ ಆದರ್ಶಕ್ಕೆ ಕೊರತೆ ಇಲ್ಲ. ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗಬೇಕೆಂಬ 350ಎ ವಿಧಿ ಬಂದದ್ದು ಅದೇ 1956ರಲ್ಲಿ. ಆದರೂ 2006ರಲ್ಲಿ ತಮಿಳು ಕಲಿಕೆ ಕಡ್ಡಾಯವೆಂಬ ಕಾಯ್ದೆ ಬಂದಾಗ ಹತ್ತನೇ ತರಗತಿ ಪರೀಕ್ಷೆಗೆ ವಿನಾಯಿತಿ ಪಡೆಯಲು ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಅಲೆಯಬೇಕಾಯಿತು. ನಾನು ಪಾಠ ಮಾಡುವಾಗ ಜೂನಿನಲ್ಲಿ ಬರಬೇಕಾದ ಕನ್ನಡ ಪುಸ್ತಕ ಕೆಲವು ವರ್ಷ ದಸರೆಯ ಹೊತ್ತಿಗೆ ಬರುತ್ತಿತ್ತು. ಹಳೆಯ ಪುಸ್ತಕದಿಂದ ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ತೇದೆವು. ಆಚೆಯ ರಾಜ್ಯ ಏನೂ ಮಾಡಿಲ್ಲ ಅನ್ನುವುದೂ ಸುಳ್ಳು. ಕರ್ನಾಟಕದ ವೃತ್ತಿ ಕೋರ್ಸುಗಳಿಗೆ ಗಡಿನಾಡ ಕನ್ನಡಿಗರ ಪಟ್ಟಿಯಲ್ಲಿ ನಮ್ಮ ಫಿರ್ಕಾದ ಹೆಸರಿದೆ, ನೀನು ಮೈಸೂರಿನಲ್ಲಿ ಓದುವಾಗ ಆ ಕಾಗದ ಪತ್ರಕ್ಕೆ ನಿಮ್ಮಪ್ಪ ಓಡಾಡಿದ್ದು ನೆನಪಿರಬೇಕು. ಆದರೆ ತಾಳವಾಡಿಯ ಕನ್ನಡ ಶಾಲೆ, ಗೋಪಿನಾಥಂ ಕಡೆಯ ತಮಿಳು ಶಾಲೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡು "ನೀನು ಇಷ್ಟು ಮಾಡು, ನಾನಿಷ್ಟು ಮಾಡುತ್ತೇನೆ" ಎಂದು ಬೆಂಗಳೂರೂ ಚೆನ್ನೈಯೂ ಕೂತು ಮಾತಾಡಿದ್ದನ್ನು ನಾನು ಕಾಣೆ. ನೀರಿನ ವಿಷಯಕ್ಕೆ ಕೂರುತ್ತಾರೆ, ಮಕ್ಕಳ ವಿಷಯಕ್ಕೆ ಕೂರಲು ಪುರುಸೊತ್ತಿಲ್ಲ.

ಅಲ್ಲೂ ಈಗ ಗಾಳಿ ತಿರುಗುತ್ತಿದೆ. ಗಡಿಯಲ್ಲಿ ಗೇಟೇ ಇಲ್ಲದೆ ಓಡಾಡುತ್ತಿದ್ದ ಜಾಗದಲ್ಲಿ 2016ರಿಂದ ಡೆನ್ಮಾರ್ಕು, 2024ರಿಂದ ಜರ್ಮನಿಯೂ ಮತ್ತೆ ತಪಾಸಣೆ ಶುರು ಮಾಡಿವೆ. ಹೊರಗಿನವರು ಬೇಡ ಎನ್ನುವ ಪಕ್ಷ 2025ರ ಫೆಬ್ರುವರಿ ಚುನಾವಣೆಯಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ವೋಟು ಪಡೆದು ಎರಡನೇ ಸ್ಥಾನಕ್ಕೆ ಬಂತು. ಅದೇ ದೇಶ ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾವನ್ನು 90,000ಕ್ಕೆ ಏರಿಸುತ್ತೇವೆ ಎಂದು 2024ರಲ್ಲಿ ಹೇಳಿತು. ಎರಡೂ ನಿಜ. ಅಲ್ಲಿ ಮುದುಕರು ಹೆಚ್ಚಾದರು, ನೋಡಿಕೊಳ್ಳುವ ಕೈ ಕಮ್ಮಿಯಾಯಿತು. ಅವರು ಕರೆದದ್ದು ನಮ್ಮ ಮೇಲಿನ ಪ್ರೀತಿಗಲ್ಲ, ನೀನು ಹೊರಟದ್ದೂ ಅವರ ಮೇಲಿನ ಪ್ರೀತಿಗಲ್ಲ. ಹಿಂದೆಯೂ ಹೀಗೆ ಕರೆದಿದ್ದರು. 1961ರಲ್ಲಿ ತುರ್ಕಿಯಿಂದ ಕೂಲಿಗಳನ್ನು, ಅದೇ ದಶಕದಲ್ಲಿ ಕೊರಿಯಾದಿಂದ, ನಮ್ಮ ಕೇರಳದಿಂದ ನರ್ಸಮ್ಮಗಳನ್ನು ಕರೆಸಿಕೊಂಡರು. 1973ರಲ್ಲಿ ಕೆಲಸ ಕಮ್ಮಿಯಾದಾಗ ಹೊರಗಿನವರ ನೇಮಕ ನಿಲ್ಲಿಸಿದರು. ಆ ದಶಕ ಮುಗಿಯುವ ಮೊದಲೇ ಕೇರಳದ ಎಷ್ಟೋ ಹೆಣ್ಣುಮಕ್ಕಳಿಗೆ ಪರ್ಮಿಟ್ ಮುಂದುವರಿಸದೆ ವಾಪಸು ಹೊರಡಿಸಿದರು. ಅದಕ್ಕೇ ಹೇಳುತ್ತೇನೆ, ನಿನ್ನ ಡಿಗ್ರಿಗೆ ಅಲ್ಲಿಯ ಪೂರ್ತಿ ಮಾನ್ಯತೆ ಸಿಗುವವರೆಗೆ ಬೇರೆ ಯಾವುದಕ್ಕೂ ಮನಸ್ಸು ಹರಿಯಬಿಡಬೇಡ. ಕರಾರು ಪತ್ರಕ್ಕೆ ಸಹಿ ಹಾಕುವ ಮುಂಚೆ ಪ್ರತಿ ಸಾಲು ಓದು. ನಡುವೆ ಬಿಟ್ಟರೆ ದುಡ್ಡು ಕಟ್ಟಬೇಕು ಎಂದು ಬರೆದಿದ್ದರೆ ನಿಮ್ಮಪ್ಪನಿಗೆ ಕಳಿಸು, ಗೊತ್ತಿರುವವರ ಹತ್ತಿರ ತೋರಿಸುತ್ತಾನೆ. ಪಾಸ್‌ಪೋರ್ಟನ್ನು ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡ. ವಾರ್ಡಿನ ಮುದುಕರ ಹತ್ತಿರ ಮಾತಾಡು. ಭಾಷೆ ಕಲಿಸಲು ಅವರಿಗಿಂತ ಒಳ್ಳೆ ಮೇಷ್ಟರು ಇಲ್ಲ, ಅವರಿಗೂ ಮಾತಿಗೆ ಜನ ಬೇಕು.

ರಜೆ ಸಿಕ್ಕಾಗ ಫ್ಲೆನ್ಸ್‌ಬುರ್ಗ್‌ಗೆ ಹೋಗಿ ಬಾ. ಅಲ್ಲಿ ಡುಬೋರ್ಗ್ ಎಂಬ ಡೇನ್ ಹೈಸ್ಕೂಲಿದೆ, 1920ರಲ್ಲಿ ಶುರುವಾದದ್ದು. ಮಕ್ಕಳು ಶಾಲೆ ಬಿಟ್ಟು ಹೊರಗೆ ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಂತುಕೊ. ತರಗತಿಯೊಳಗೆ ಯಾವ ಭಾಷೆ ಅಂತ ನನಗೆ ಗೊತ್ತು. ಹೊರಗೆ ಬಂದ ಮೇಲೆ ತಮ್ಮ ತಮ್ಮಲ್ಲಿ ಜಗಳ ಆಡುವಾಗ ಯಾವ ಭಾಷೆ ಆಡುತ್ತಾರೆ, ಅದನ್ನು ಕೇಳಿಸಿಕೊಂಡು ನನಗೆ ಬರೆ. ನಮ್ಮ ಹುಡುಗರು ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ಬೈದು ಮುಗಿಸುತ್ತಾರೆ.

ನಿಮ್ಮಜ್ಜಿ ಒಂದು ಡಬ್ಬಿ ತುಪ್ಪ, ಮಜ್ಜಿಗೆ ಮೆಣಸಿನಕಾಯಿ ಕಟ್ಟಿ ಇಟ್ಟಿದ್ದಾಳೆ. ಯೂರೋಪಿಗೆ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯುವಂತಿಲ್ಲ ಅಂತ ಎಷ್ಟು ಹೇಳಿದರೂ, "ಮಜ್ಜಿಗೆ ಎಲ್ಲಿದೆ, ಒಣಗಿ ಹೋಗಿಲ್ಲವಾ" ಅಂತ ನನ್ನನ್ನೇ ಕೇಳುತ್ತಾಳೆ. ನೀನೇ ಫೋನು ಮಾಡಿ ಹೇಳು. ರಾಗಿ ಹಿಟ್ಟಿಗೆ ಅಡ್ಡಿಯಿಲ್ಲ, ಅದನ್ನು ಬೀಸಿಸಿ ಬೇರೆ ಚೀಲಕ್ಕೆ ತುಂಬಿಸಿದ್ದೇನೆ.

ಇತಿ,
ನಿನ್ನ ತಾತ